ಮನೆ ಕಡೆಯ ನೆರಳು

ಮನೆಯಿಂದ, ಮಹಡಿಯ ಕೋಣೆ
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ಬಗ್ಗಿ ಗೆರೆ ಎಳೆಯುವವರಿಗೆ ಅದು ತಪ್ಪಿದ್ದಲ್ಲ ಎಂದು ನೀನು ಹೇಳುತ್ತೀಯ. ಅಪ್ಪ ಜೀವಮಾನವಿಡೀ ನೆಲದ ಮೇಲೆ ಬಟ್ಟೆ ಹಾಸಿ ಬಗ್ಗಿಯೇ ಬರೆದರು, ಅವರ ಕತ್ತು ಇವತ್ತಿಗೂ ಕಂಬದ ಹಾಗೆ ನೆಟ್ಟಗಿದೆ. ಮೇಜನ್ನು ಸ್ವಲ್ಪ ಎತ್ತರ ಮಾಡಿಸಿಕೋ. ನಿನ್ನ ಬೆಕ್ಕು ನಿಜವಾಗಿಯೂ ಬಸುರಿಯೋ, ಅಥವಾ ನೀನು ಹಾಲು ಸುರಿದು ಸುರಿದು ಹಾಗೆ ಕಾಣುತ್ತಿದೆಯೋ, ಅದನ್ನೂ ಬರೆ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ಕೈತುಂಬ ಕೆಲಸ. ಎದುರುಮನೆಯ ಮೇಷ್ಟರು ಕೋಟಿನ ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತಿದ್ದರು, ಈಗ ಕೋಟಿನ ಗುಂಡಿ ಹಾಕಲಾಗುತ್ತಿಲ್ಲ ಎಂದು ನನ್ನ ಮೇಲೆ ಹಾರಾಡುತ್ತಿದ್ದಾರೆ. ಅಳತೆ ಕೊಟ್ಟ ಹಾಗೆಯೇ ಉಸಿರು ಬಿಗಿಹಿಡಿದುಕೊಂಡು ಓಡಾಡಿ ಮೇಷ್ಟ್ರೇ ಎಂದಿದ್ದೇನೆ. ಅವತ್ತಿನಿಂದ ಮಾತು ಬಿಟ್ಟಿದ್ದಾರೆ.

ಫೋನು ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂದುಕೊಂಡಿರಬೇಕು. ಫೋನಿನಲ್ಲಿ ಅಪ್ಪನ ಸುದ್ದಿ ಎತ್ತಿದರೆ ಸಾಕು, "ಒಲೆ ಮೇಲೆ ಹಾಲಿದೆ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಮನೆಯಲ್ಲಿ ಉಕ್ಕುವಷ್ಟು ಹಾಲು ಈ ಬೀದಿಯಲ್ಲೆಲ್ಲೂ ಉಕ್ಕುವುದಿಲ್ಲ. ಕಾಗದದಲ್ಲಾದರೆ ಹಾಲೂ ಇಲ್ಲ, ಒಲೆಯೂ ಇಲ್ಲ. ಸಿಟ್ಟು ಬಂದರೆ ಮಡಚಿಟ್ಟು ಒಂದು ಲೋಟ ನೀರು ಕುಡಿ, ಆದರೆ ಆಮೇಲೆ ಮತ್ತೆ ತೆಗೆದು ಕೊನೆಯವರೆಗೂ ಓದು. ಇವತ್ತು ನಾನು ಹೇಳಬೇಕಾಗಿರುವುದು ಪೂರ್ತಿ ಅಪ್ಪನ ವಿಷಯವೇ.

ಮೊದಲು ಅವರ ಕಣ್ಣು. ಹೋದ ತಿಂಗಳು ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿ "ಯಾರು ಬೇಕಿತ್ತು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನಾನು ತಮಾಷೆ ಎಂದುಕೊಂಡು "ಈ ಮನೆ ಯಜಮಾನರು" ಅಂದೆ. ಅವರು ನಗಲಿಲ್ಲ, ನನ್ನ ದನಿ ಕೇಳಿ ಒಳಗೆ ಹೋಗಿ ಕೂತುಬಿಟ್ಟರು. ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲವಂತೆ. ಈಗ ಹತ್ತಿರ ಕೂತವರ ಮುಖ ಕಾಣುತ್ತದೆ, ಚಳಿಗಾಲದ ಹೊತ್ತಿಗೆ ಅದೂ ಮಸುಕಾಗಿ ಬೆಳಕು ಯಾವುದು ಕತ್ತಲೆ ಯಾವುದು ಅಷ್ಟು ಮಾತ್ರ ತಿಳಿಯಬಹುದು ಎಂದರು. ಅಪ್ಪ ಕೇಳಿಸಿಕೊಂಡು, "ಕಪ್ಪು ಬಿಳಿ ಗೊತ್ತಾಗುತ್ತಲ್ಲ ಡಾಕ್ಟ್ರೇ, ನಾನು ಬರೆದಿದ್ದೇ ಅಷ್ಟು" ಎಂದರು. ಡಾಕ್ಟರು ನಕ್ಕರು. ಹೊರಗೆ ಬಂದು ರಸ್ತೆ ದಾಟುವಾಗ ಅಪ್ಪ ತಾವಾಗಿಯೇ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಕ್ಕಾ, ನಮ್ಮನ್ನು ಕೈಹಿಡಿದು ರಸ್ತೆ ದಾಟಿಸುವಾಗಲೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ ಅವರು. ನನಗೆ ಅಳು ಬಂತು, ದೂಳು ಬಿತ್ತು ಎಂದು ಕಣ್ಣೊರೆಸಿಕೊಂಡೆ. ಅವರ ಕಣ್ಣಿಗೆ ಮುಖಗಳು ಕಾಣುವುದು ಇನ್ನು ಕೆಲವು ತಿಂಗಳು ಮಾತ್ರ, ಅದರಲ್ಲಿ ನಿನ್ನ ಮುಖ ಇಲ್ಲವಲ್ಲ ಎಂದು ದಾರಿಯುದ್ದಕ್ಕೂ ನಿನ್ನನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಇನ್ನೊಂದು ಸುದ್ದಿಯನ್ನು ನಿಧಾನವಾಗಿ ಹೇಳಬೇಕು. ನಮ್ಮ ನಾಟಕಮಂದಿರದ ಚಾವಣಿ ಬಿಚ್ಚುತ್ತಿದ್ದಾರೆ. ರಿಪೇರಿ ಮುಗಿಯುವ ತನಕ ಇಲ್ಲೇ ಇರಲಿ ಎಂದು ನಾಟಕದಲ್ಲಿ ಪಾತ್ರಕ್ಕೊಂದರಂತೆ ಇಳಿಬಿಡಲು ಅಪ್ಪ ಬಟ್ಟೆಯ ಮೇಲೆ ಬರೆದ ಪಾತ್ರಪಟಗಳನ್ನೆಲ್ಲ ಸುತ್ತಿ ತಳ್ಳುಗಾಡಿಯಲ್ಲಿ ತಂದು ನಡುಮನೆಯಲ್ಲಿ ಇಳಿಸಿ ಹೋದರು. ಒಂದೊಂದೇ ಬಿಚ್ಚಿ ದೂಳು ಕೊಡವಲು ಕೂತೆ ನೋಡು, ಇಡೀ ಬಾಲ್ಯವೇ ನೆಲದ ಮೇಲೆ ಹರಡಿಕೊಂಡಿತು. ದೊರೆ ಬಂದ, ಒಂದು ಕಾಲಿಗೆ ಮಾತ್ರ ಜೋಡು ಹಾಕಿಕೊಂಡು, ಅರ್ಧ ರಾಜ್ಯ ಕಳೆದುಕೊಳ್ಳುವವನು ಎಂದು ಅದರ ಅರ್ಥ. ಜಿಪುಣ ಬಂದ, ಮುಚ್ಚಿದ ಮುಷ್ಟಿಯ ಬೆರಳ ಸಂದಿಯೆಲ್ಲ ಕಪ್ಪೇ ಕಪ್ಪು. ಸುಳ್ಳುಗಾರನಿಗೆ ಎರಡು ನೆರಳು. ನಾವಿಬ್ಬರೂ ಬೀದಿಯಲ್ಲಿ ಹೋಗುವವರಿಗೆಲ್ಲ ನೆರಳು ಹಂಚುತ್ತಿದ್ದೆವಲ್ಲ, ಹಾಲಿನವನಿಗೆ ಎರಡು, ಬಾಡಿಗೆಮನೆ ದಲ್ಲಾಳಿಗೆ ನಾಲ್ಕು ಕೊಟ್ಟರೂ ಸಾಲುತ್ತಿರಲಿಲ್ಲ! ದಾದಿಯ ಪಟದಲ್ಲಿ ಅವಳ ಮಡಿಲು ಮಾತ್ರ ಬಿಳಿ, ಉಳಿದ ಮೈಯೆಲ್ಲ ಕಪ್ಪು. ಅದನ್ನು ಬರೆದ ವರ್ಷ ಅಮ್ಮ ತೀರಿಕೊಂಡಿದ್ದಳು. ಆಗ ನಮಗೆ ಅದು ಪಾತ್ರವಾಗಿ ಮಾತ್ರ ಕಂಡಿತ್ತು. ಮೊನ್ನೆ ಆ ಬಿಳಿಯ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.

ಮಸಿ ಅರೆಯುತ್ತಿದ್ದ ದಿನಗಳು ನೆನಪಿದೆಯಾ? ದೀಪದ ಮೇಲೆ ಮಣ್ಣಿನ ಮುಚ್ಚಳ ಕವುಚಿ ಹಿಡಿದ ಕಪ್ಪನ್ನು ಕೆರೆದು, ನೀರು ಚಿಮುಕಿಸಿ, ಕಲ್ಲಿನ ಮೇಲೆ ನೀನೊಂದು ಸಲ ನಾನೊಂದು ಸಲ ಅರೆಯುವುದು. ಸೀನಿದರೆ ಮುಗಿಯಿತು, ಇಡೀ ಮುಖ ಕಪ್ಪು. "ಈ ಮನೇಲಿ ಹಲ್ಲು ಮಾತ್ರ ಬೆಳ್ಳಗಿರೋದು, ಅದನ್ನಾದ್ರೂ ಸರಿಯಾಗಿ ಉಜ್ಜಿ" ಎಂದು ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಅಪ್ಪ ಕೊನೆಯಲ್ಲಿ ಬಂದು ಅಂಟು ಹಾಕುತ್ತಿದ್ದರು. ಅಂಟು ಬಿದ್ದ ಮೇಲೆ ಆ ಮಸಿಗೆ ಒಂದು ವಾರದ ಆಯುಸ್ಸು, ಆಮೇಲೆ ನಾರುತ್ತದೆ. ಹಾಗಾಗಿ ಬಟ್ಟೆ ಬಿಗಿದು, ಏನು ಬರೆಯುವುದೆಂದು ಮನಸ್ಸು ಗಟ್ಟಿಯಾದ ಮೇಲೆಯೇ ಅವರು ಅಂಟಿನ ಡಬ್ಬಿ ಮುಟ್ಟುತ್ತಿದ್ದದ್ದು. ನನ್ನ ಕೈ ಕುಂಚಕ್ಕೆ ಒಗ್ಗಲಿಲ್ಲ, ಸೂಜಿಗೆ ಒಗ್ಗಿತು. ನೀನು ಮಾತ್ರ ಅಪ್ಪನ ಪಕ್ಕ ಕೂತು ನೆರಳು ತುಂಬುವುದನ್ನು ಕಲಿತೆ. "ಹೆದರ್ಕೊಂಡು ಸವರಬೇಡ, ಬೂದಿ ಬಳಿದಂಗೆ ಕಾಣುತ್ತೆ. ಒತ್ತು. ಬಟ್ಟೆ ಬೆನ್ನಿಗೂ ಮುಟ್ಟಬೇಕು ಕಪ್ಪು" ಎಂದು ಅವರು ನಿನಗೆ ಹೇಳುತ್ತಿದ್ದದ್ದು ನನಗೆ ಇವತ್ತಿಗೂ ಬಾಯಿಪಾಠ. ಅಷ್ಟು ಕಪ್ಪಿನ ನಡುವೆ ಎಲ್ಲಾದರೂ ಒಂದು ಅಕ್ಕಿಕಾಳಿನಷ್ಟು ಬಿಳಿ ಬಿಡಬೇಕಿತ್ತು, ನೆರಳು ಉಸಿರಾಡಲಿಕ್ಕೆ. ನೀನು ಒಮ್ಮೆ ಮರೆತು ಪೂರ್ತಿ ತುಂಬಿದಾಗ "ಉಸಿರುಗಟ್ಟಿಸಿ ಕೊಂದೆಯಲ್ಲೇ ಪಾಪ" ಎಂದು ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನೀನು ಆ ಪಾತ್ರಕ್ಕಾಗಿ ಊಟ ಬಿಟ್ಟು ಅತ್ತಿದ್ದೆ.

ಇದೆಲ್ಲ ಗೊತ್ತಿರುವುದನ್ನೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಅದೇ ಕಂತೆಯಲ್ಲಿ 'ಹೊರಟವಳು' ಕೂಡ ಬಂದಿದ್ದಾಳೆ. ಕಾಗದ ಕೆಳಗಿಡಬೇಡ.

ನೀನು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸ ಸಿಕ್ಕಿತೆಂದು ಹೇಳಿದ ದಿನ ಅಪ್ಪ ನಿನ್ನ ಪೆನ್ನಿನ ಗೆರೆಗಳನ್ನು ನೋಡಿ "ಇರುವೆ ಸಾಲು" ಅಂದಿದ್ದು ನಿಜ. ನೀನು "ನಿಮ್ಮದು ಕಾಗೆ ಹಿಂಡು" ಎಂದು ತಿರುಗಿ ಅಂದಿದ್ದೂ ನಿಜ. ಆದರೆ ಅಷ್ಟಕ್ಕೆ ನೀನು ಮನೆ ಬಿಡುವವಳಲ್ಲ, ಬೇಸಿಗೆ ರಜೆಗೆ ಬರುತ್ತೇನೆ ಎಂದು ಹೇಳಿಯೇ ಹೊರಟಿದ್ದೆ. ಬಸ್ಸಿಗೆ ಇನ್ನೂ ಹೊತ್ತಿದೆ, ಅಪ್ಪ ಹೊಸದಾಗಿ ಬರೆದುಕೊಟ್ಟ ಪಟ ಏರಿಸಿದ್ದಾರಂತೆ, ನೋಡಿಕೊಂಡು ಬರುತ್ತೇನೆ ಎಂದು ನಾಟಕಮಂದಿರಕ್ಕೆ ಹೋದೆ. ನಾನು ಬಸ್ ನಿಲ್ದಾಣದಲ್ಲಿ ನಿನ್ನ ಟ್ರಂಕಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಪ್ಪ ನನ್ನ ಮುಖ ಬರೆದು ನೆರಳನ್ನ ದಾರಿ ಕಡೆ ಹಾಕಿದ್ದಾರೆ ಕಣೇ. ಇನ್ನು ನಾನು ಬರೋ ಹಾಗಿಲ್ಲ" ಅಂದೆ. "ಅವರಿಗೆ ಇದನ್ನ ಹೇಳಿದ್ರೆ ನಿನ್ನ ಜೊತೆನೂ ಮಾತಿಲ್ಲ" ಎಂದು ಆಣೆ ಹಾಕಿಸಿಕೊಂಡು ಬಸ್ಸು ಹತ್ತಿಬಿಟ್ಟೆ.

ಬೇರೆಯವರಿಗೆ ಇದು ಹುಚ್ಚಾಟದ ಹಾಗೆ ಕೇಳಿಸೀತು. ನಮಗೆ ಹಾಗಲ್ಲ. ನಾಟಕಮಂದಿರದಲ್ಲಿ ಕೂತವರ ಎಡಕ್ಕೆ ಮನೆಯ ಬಾಗಿಲು, ಬಲಕ್ಕೆ ದಾರಿ, ಯಾವ ಕಥೆಯಾದರೂ ಅಷ್ಟೇ. ಹೊರಟವರ ನೆರಳು ಎಡಕ್ಕೆ, ಮನೆಯ ಕಡೆಗೆ ಚಾಚಿದ್ದರೆ ಕಥೆ ಮುಗಿಯುವುದರೊಳಗೆ ಅವರು ಮರಳುತ್ತಾರೆ. ಬಲಕ್ಕೆ, ದಾರಿಯ ಕಡೆಗೆ ಬಿದ್ದಿದ್ದರೆ ಅವರನ್ನು ಮರೆತುಬಿಡಬೇಕು. ಪಟ ಇಳಿಬಿದ್ದ ಕೂಡಲೇ ನೆರಳು ಎತ್ತ ಇದೆ ಎಂದು ನೋಡಿ ಮುಂಚಿತವಾಗಿಯೇ ಅಳಲು ಶುರುಮಾಡುತ್ತಿದ್ದ ಅಜ್ಜಿಯರನ್ನು ನಾವು ಕಂಡಿಲ್ಲವೇ? ನೀನು ಅಪ್ಪನ ಕೈಯಲ್ಲಿ ಬೆಳೆದವಳು, ಅವರು ಬಾಯಲ್ಲಿ ಹೇಳದೆ ಮಸಿಯಲ್ಲಿ ಹೇಳಿದರು ಎಂದು ನಂಬಿದೆ. ನಾನೂ ನಂಬಿದೆ. ಆಮೇಲೆ ಒಂದು ದಿನ ಹೋಗಿ ನೋಡಿದಾಗ ನೆರಳು ದಾರಿಯ ಕಡೆಗೇ ಇತ್ತು. ಮುಖ ನಿನ್ನದೇ, ಆದರೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಕೋಪದಲ್ಲಿ ಬರೆದರೆ ಹೀಗೇ ಆಗುವುದು ಎಂದುಕೊಂಡು ಬಂದೆ.

ಅದನ್ನು ಮೊನ್ನೆ ನಡುಮನೆಯಲ್ಲಿ ಬಿಚ್ಚಿದೆ. ಎರಡೂ ಕೈಯಲ್ಲಿ ಗಂಟನ್ನು ಎದೆಗೊತ್ತಿಕೊಂಡು ನೀನು ನೇರ ನನ್ನನ್ನೇ ನೋಡುತ್ತಿದ್ದೆ. ಈ ಸಲ ಏನೂ ತಪ್ಪು ಕಾಣಲಿಲ್ಲ, ನೀನೇ ಬಂದು ನಿಂತ ಹಾಗಿತ್ತು. ನೆರಳು ಎಡಕ್ಕಿತ್ತು. ಮನೆಯ ಕಡೆಗೆ!

ನನಗೆ ತಲೆ ಕೆಟ್ಟಿತು. ಪಟ ತಿರುಗಿಸಿದೆ. ಹಿಂಬದಿಯಲ್ಲೂ ನೀನೇ, ಅಷ್ಟೇ ಕಪ್ಪಾಗಿ, ಆದರೆ ನೆರಳು ಬಲಕ್ಕೆ. ಬಟ್ಟೆಯ ಬೆನ್ನಿಗೂ ಮುಟ್ಟುವ ಅಪ್ಪನ ಮಸಿ ನೋಡು, ಎರಡೂ ಕಡೆ ಒಂದೇ ಸಮ ಇಳಿದಿದೆ. ಅಪ್ಪ ಬರೆಯುವ ಮುಂಚೆ ಬರೀ ಬಟ್ಟೆಯ ಅಂಚಿಗೆ ನಾನು ಹಾಕಿದ ಹೊಲಿಗೆಯೂ ಹಾಗೆಯೇ, ಯಾವುದು ಒಳಗೆ ಯಾವುದು ಹೊರಗೆ ಗೊತ್ತಾಗಬಾರದು ಎನ್ನುವುದು ನನ್ನ ಜಂಬ. ಅಪ್ಪನದೊಂದು, ನನ್ನದೊಂದು, ಎರಡು ಜಾಣತನ ಸೇರಿ ಮನೆ ಮುಳುಗಿಸಿದವು. ನೆರಳು ಎಡಕ್ಕಿದ್ದ ಬದಿ ಇನ್ನೂ ಹೊಳಪಾಗಿದೆ, ಅಪ್ಪ ಮೊದಲು ಇದ್ದಿಲಿನಲ್ಲಿ ಎಳೆದುಕೊಂಡ ಗೆರೆಗಳು ಅಲ್ಲಿ ಹಾಗೇ ಇವೆ, ಅದೇ ಪಟದ ಮುಂಬದಿ. ಇನ್ನೊಂದು ಬದಿ ದೀಪದ ಹೊಗೆ, ಜನರ ದೂಳು ಕುಡಿದು ಕಂದಿಹೋಗಿದೆ. ಎಂದರೆ ಇಷ್ಟು ವರ್ಷ ಜನ ನೋಡಿದ್ದು ಪಟದ ಬೆನ್ನನ್ನು. ಪರದೆ ಎಳೆಯುವ ಹಗ್ಗದ ಮಾಮನನ್ನು ಹೋಗಿ ಕೇಳಿದೆ. ಆ ವಾರ ಅವನು ಜ್ವರ ಬಂದು ಮಲಗಿದ್ದನಂತೆ, ಪಟ ಏರಿಸಿದ್ದು ಅವನ ಅಳಿಯ. "ಎರಡೂ ಕಡೆ ಒಂದೇ ಥರ ಇತ್ತಲ್ಲಮ್ಮ, ಅವನಿಗೇನು ಕನಸು ಬಿದ್ದಿತ್ತಾ" ಎಂದು ನನ್ನನ್ನೇ ಗದರಿದ. ಅಪ್ಪ ನೋಡಿದ್ದರೆ ಒಂದೇ ಕ್ಷಣಕ್ಕೆ ತಿಳಿಯುತ್ತಿತ್ತು. ಆದರೆ ಪಟ ಹೊಸಿಲು ದಾಟಿದ ಮೇಲೆ ಬರೆದವರು ಅದನ್ನು ನೋಡಲು ಹೋಗಬಾರದು ಎನ್ನುವುದು ಅವರ ಹಠ. ಹೋದರೆ ತಪ್ಪು ಕಾಣುತ್ತದೆ, ಕಂಡರೆ ಕೈ ತುರಿಸುತ್ತದೆ, ಒಣಗಿದ ಮಸಿಯನ್ನು ತಿದ್ದಲಾಗುವುದಿಲ್ಲವಲ್ಲ.

ಒಂದೇ ಒಂದು ಅನುಮಾನ ಉಳಿಯಿತು. ನಿನ್ನ ತುಟಿಯ ಕೆಳಗಿನ ಮಚ್ಚೆ. ಪಟ ತಿರುಗಿದರೆ ಮಚ್ಚೆಯೂ ಆಚೆ ಕಡೆಗೆ ಹೋಗಬೇಕು, ಹೋಗಿದೆ. ನನಗೆ ಅವತ್ತು ಸರಿಯಿಲ್ಲ ಅನ್ನಿಸಿದ್ದು ಅದೇ. ಹಾಗಾದರೆ ಮಸಿಯ ಒಂದು ಚುಕ್ಕೆಯನ್ನೂ ಬಿಡದೆ ಓದುವ ನಿನಗೆ ನಿನ್ನ ಮಚ್ಚೆಯೇ ಯಾಕೆ ಕಾಣಲಿಲ್ಲ? ಎರಡು ದಿನ ತಲೆ ಕೆರೆದುಕೊಂಡೆ. ನಿನ್ನೆ ಅಂಗಡಿಯಲ್ಲಿ ಒಬ್ಬರಿಗೆ ಕುಪ್ಪಸದ ತೋಳು ಸರಿಮಾಡುತ್ತಾ ಅವರ ಹಿಂದೆ ನಿಂತು ಕನ್ನಡಿ ನೋಡಿದೆ, ನಾನು ಎಡಕ್ಕೆ ತೆಗೆದ ಓರೆ ಬೈತಲೆ ಕನ್ನಡಿಯೊಳಗಿನವಳಿಗೆ ಬಲಕ್ಕಿತ್ತು. ಸೂಜಿ ಹಾಗೇ ಕೈಯಲ್ಲಿ ನಿಂತಿತು. ಅಕ್ಕಾ, ನಿನ್ನ ಮುಖವನ್ನು ನೀನು ನೋಡಿರುವುದು ಕನ್ನಡಿಯಲ್ಲಿ ಮಾತ್ರ. ತಿರುಗಿ ಬಿದ್ದ ಪಟದಲ್ಲಿ ಮಚ್ಚೆ ನಿನಗೆ ದಿನಾ ಕಾಣುವ ಕಡೆಗೇ ಇತ್ತು. ಹಾಗಾಗಿ ಅದು ನಿನ್ನ ಮುಖವೇ ಎಂದು ನಿನಗೆ ಒಪ್ಪಿಗೆಯಾಯಿತು, ಮುಖ ಒಪ್ಪಿದ್ದಕ್ಕೆ ನೆರಳನ್ನೂ ಒಪ್ಪಿಕೊಂಡೆ. ಅಪ್ಪ ಬರೆದದ್ದು ಎದುರಿಗೆ ಕೂತು ದಿನಾ ಅವರಿಗೆ ಕಾಣುತ್ತಿದ್ದ ನಿನ್ನನ್ನು.

ಇನ್ನೊಂದಿದೆ. ಪ್ರತಿ ಪಟದ ಕೆಳಮೂಲೆಯಲ್ಲಿ ಅಪ್ಪ ಮಸಿಯ ಹೆಬ್ಬೆಟ್ಟು ಒತ್ತುತ್ತಾರಲ್ಲ, ಮನೆಯ ಕಡೆಯ ಮೂಲೆಗೆ. ಅದು ಪಟದ ಕೆಳಗೆ ಬಿಗಿಯುವ ಮರದ ಅಡ್ಡಪಟ್ಟಿಯ ಹಿಂದೆ ಮುಚ್ಚಿಹೋಗುವುದರಿಂದ ಯಾರೂ ನೋಡುವುದಿಲ್ಲ. ಈ ಪಟದಲ್ಲಿ ನಿನ್ನ ನೆರಳು ನೆಲದ ಮೇಲೆ ಉದ್ದಕ್ಕೆ ಹರಿದು ಅಲ್ಲಿಯವರೆಗೂ ಬಂದಿದೆ. ಗಂಟು ಹಿಡಿದ ನಿನ್ನ ಎರಡೂ ಕೈ ಎದೆಯ ಮೇಲಿವೆ, ಆದರೆ ನೆರಳಿನ ಒಂದು ಕೈ ಮಾತ್ರ ಚಾಚಿಕೊಂಡು ಆ ಹೆಬ್ಬೆಟ್ಟನ್ನು ಹಿಡಿದಿದೆ. ನಡೆಯಲು ಕಲಿಯುವಾಗ ನೀನು ಅಪ್ಪನ ಹೆಬ್ಬೆಟ್ಟು ಹಿಡಿಯುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಹಾಗೆ. ಉಸಿರಿಗೆಂದು ಬಿಟ್ಟ ಬಿಳಿ ಇರುವುದು ಆ ಮುಷ್ಟಿಯೊಳಗೆ.

ನಾನು ಆಣೆ ಮುರಿದೆ. ಬೇಕಾದರೆ ಮಾತು ಬಿಡು, ಮೇಷ್ಟರ ಜೊತೆಗೆ ನೀನೂ ಒಬ್ಬಳು. ನಿನ್ನೆ ಸಂಜೆ ಅಪ್ಪನನ್ನು ಪಟದ ಮುಂದೆ ಕೂರಿಸಿ ಎಲ್ಲ ಹೇಳಿದೆ. ಅವರು ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು, ಸಾಲದೆಂದು ನೆರಳಿನ ಅಂಚನ್ನು ಬೆರಳಲ್ಲಿ ತಡವುತ್ತಾ ಹೆಬ್ಬೆಟ್ಟಿನವರೆಗೂ ಹೋದರು. "ತಿರುಗ್ಸಿ ಹಾಕಿದ್ರಾ?" ಎಂದರು. ಆಮೇಲೆ, "ಅದಕ್ಕೇನಾ? ನಾನು ಇರುವೆ ಸಾಲು ಅಂದಿದ್ದಕ್ಕೆ ಅಂತ ಅಂದ್ಕೊಂಡಿದ್ನಲ್ಲೇ ಇಷ್ಟು ವರ್ಷ" ಎಂದರು. ನಗಲು ಶುರುಮಾಡಿದರು, ನಗು ಕೆಮ್ಮಾಯಿತು, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಎದುರಿಗೆ ಬಂದು ಕೇಳೋದಲ್ವಾ, ಕತ್ತೆ" ಎಂದರು, ನಿನಗೆ. ಬಿಡು, ನೀನು ಕೇಳುವವಳಲ್ಲ, ಅವರು ಹೇಳುವವರಲ್ಲ. ಇಬ್ಬರೂ ಒಂದೇ ಕಲ್ಲಿನಲ್ಲಿ ಅರೆದ ಮಸಿ.

ಆ ಇರುವೆ ಸಾಲಿನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ನೀನು ಚಿತ್ರ ಬರೆದ ಪುಸ್ತಕಗಳೆಲ್ಲ ಅವರ ಮಂಚದ ಪಕ್ಕದಲ್ಲಿವೆ. ಭೂತಕನ್ನಡಿ ಹಿಡಿದು ಒಂದೊಂದು ಗೆರೆಯನ್ನೂ ಹಿಂಬಾಲಿಸುತ್ತಾರೆ. ಮೊನ್ನೆ ಒಂದು ಮೊಲದ ಚಿತ್ರ ತೋರಿಸಿ, "ಎಷ್ಟು ಚೆನ್ನಾಗಿ ಬರೆದಿದ್ದಾಳೆ, ಆದ್ರೆ ನೆರಳೇ ಕೊಟ್ಟಿಲ್ಲ. ಪಾಪ ಅದು ಎಲ್ಲಿ ನಿಂತ್ಕೋಬೇಕು?" ಎಂದು ನನ್ನನ್ನು ಕೇಳಿದರು. ನಾನೇನು ಹೇಳಲಿ, ನಾನು ದರ್ಜಿ.

ಕಾಗದ ಉದ್ದವಾಯಿತು, ಬೆರಳು ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬೆಕ್ಕಿಗೆ ಕೊಟ್ಟು ಉಳಿದರೆ ನೀನೂ ಹಾಲು ಕುಡಿ. ಅಪ್ಪ ನಿನಗೆ ಆಶೀರ್ವಾದ ಬರೆ ಎಂದು ಹೇಳಿಲ್ಲ, ಆದರೆ ನಾನು ಬರೆಯುತ್ತಿರುವುದು ಯಾರಿಗೆ ಎಂದು ಗೊತ್ತಿದ್ದೂ ಬೆಳಿಗ್ಗೆಯಿಂದ ಒಂದೂ ಕೆಲಸ ಹೇಳಿಲ್ಲ. ಅದನ್ನೇ ಆಶೀರ್ವಾದ ಅಂದುಕೋ. ನನ್ನ ನಮಸ್ಕಾರ ಇದ್ದೇ ಇದೆ.

ಎಲ್ಲಿಗೆ ಹೋದರೂ ನಿನ್ನ ಹಿಂದೆಯೇ ಇರುತ್ತಿದ್ದ,
ನಿನ್ನ ಬಾಲ

ಮರೆಯುವ ಮುಂಚೆ: ಲಕೋಟೆ ಅಂಟಿಸಲು ಕೆಳಗೆ ಹೋದೆ, ಅಪ್ಪ ಹಿತ್ತಲ ಕೋಣೆಯಲ್ಲಿ ಚೌಕಟ್ಟಿಗೆ ಹೊಸ ಬಟ್ಟೆ ಬಿಗಿಯುತ್ತಿದ್ದರು, ಪಕ್ಕದಲ್ಲಿ ಆಗಷ್ಟೇ ಅರೆದ ಮಸಿ. ಕಣ್ಣು ಮಸುಕಾದಾಗಿನಿಂದ ಅವರು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಯಾವ ಪಾತ್ರ ಎಂದು ಕೇಳಿದೆ. "ಮರಳಿದವಳು. ನೆತ್ತಿ ಮೇಲೆ ಸೂರ್ಯ, ನೆರಳು ಪೂರ್ತಿ ಕಾಲಡಿಗೆ" ಎಂದರು. ಆಮೇಲೆ ನನ್ನ ಮುಖ ನೋಡದೆ, "ಅವಳ ಮಚ್ಚೆ ಯಾವ ಕಡೆ ಇತ್ತೇ?" ಎಂದರು. ಅವರಿಗೆ ಗೊತ್ತಿಲ್ಲದೆ ಏನು! ನಾನೂ "ನೆನಪಿಲ್ಲಪ್ಪ, ಅವಳೇ ಬಂದು ಎದುರಿಗೆ ಕೂತ್ರೆ ಗೊತ್ತಾಗುತ್ತೆ" ಅಂದೆ. ಅವರು ಚೌಕಟ್ಟು ಬಿಟ್ಟು ಎದ್ದರು. ತಡವಿಕೊಂಡು ಕಪಾಟಿನವರೆಗೆ ಹೋಗಿ, ಅಂಟಿನ ಡಬ್ಬಿ ತಂದು, ನನ್ನ ಕಣ್ಣೆದುರಿಗೇ ಮಸಿಗೆ ಸುರಿದುಬಿಟ್ಟರು.